ಛೇದದಲ್ಲಿ ಇದ್ದವರು

ಕಾಟ್ರೆಲ್ ಎಂಬ ಊರಿನಲ್ಲಿ ಅಕಾಲ ಮರಣ ಅರ್ಧಕ್ಕೆ ಇಳಿದಿದೆಯೆಂಬ ಸುದ್ದಿ ನಮ್ಮ ತರಗತಿಗೆ ತಲುಪಿದ್ದು ಅಕ್ಟೋಬರ್ ತಿಂಗಳಲ್ಲಿ. ನದಿಯ ಬಯಲಾದ ನಮ್ಮ ಡೆಲ್ಟಾದಲ್ಲಿ ಹತ್ತಿಯ ಕಟಾವು ಮುಗಿಯುತ್ತ ಬಂದಿತ್ತು. ಕೆಲಸ ಮುಗಿಸಿ ಸಂಜೆಯ ತರಗತಿಗೆ ಬರುವವರ ಕಾರಿನ ಚಕ್ರಗಳಿಗೆ ಕೆಸರಿನೊಡನೆ ಹತ್ತಿಯೂ ಮೆತ್ತಿಕೊಂಡಿರುತ್ತಿತ್ತು.

ಸಾರ್ವಜನಿಕ ಆರೋಗ್ಯ ಮತ್ತು ಸಾಮಾಜಿಕ ನ್ಯಾಯ ಎಂಬ ಒಂದು ವಿಷಯವನ್ನು ನಾವಿಬ್ಬರು ಹಂಚಿಕೊಂಡು ಪಾಠ ಮಾಡುತ್ತಿದ್ದೆವು. ನ್ಯಾಯದ ಭಾಗ ಪ್ರೊಫೆಸರ್ ಕೊರಿನ್ ಆಸ್ಕ್ಯೂ ಅವರದು. ಗಣಿತದ ಭಾಗ ನನ್ನದು. ಯಾರು ಬೇಗ ಸಾಯುತ್ತಾರೆ, ಏಕೆ ಸಾಯುತ್ತಾರೆ ಎಂಬುದನ್ನು ಆಕೆ ಹೇಳುವರು. ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಎಂಬುದನ್ನು ನಾನು ಹೇಳುವೆನು. ನಮ್ಮ ಕಾಲೇಜು ಗುಲಾಮಗಿರಿ ಅಳಿದ ಮೇಲೆ ಕಪ್ಪು ಜನರಾದ ನಮ್ಮವರಿಗಾಗಿ ನಮ್ಮವರೇ ಕಟ್ಟಿದ್ದು. ಅಲ್ಲಿ ಲೆಕ್ಕ ತಪ್ಪಿದರೆ ಬಡತನದ ನೆಪ ಹೇಳಿ ಯಾರೂ ಪಾರಾಗುತ್ತಿರಲಿಲ್ಲ. ನನ್ನ ಮೇಷ್ಟರು ನನ್ನನ್ನು ಹಾಗೆ ಬೆಳೆಸಿದ್ದರು. ನಾನೂ ಹಾಗೆಯೇ ಬೆಳೆಸಿದೆ.

ನಾವು ಮಾದರಿಯೆಂದು ಕಲಿಸುತ್ತಿದ್ದ ಒಂದು ಸೂತ್ರವಿತ್ತು. ಮ್ಯಾಗ್‌ವುಡ್ ನಿಧಿ ಎಂಬ ದತ್ತಿಸಂಸ್ಥೆ ಡೆಲ್ಟಾದ ಊರುಗಳಿಗೆ ಆಸ್ಪತ್ರೆಯ ಗಾಡಿಗಳನ್ನು ಕಳುಹಿಸುತ್ತಿತ್ತು. ಗಾಡಿ ವಾರಕ್ಕೊಮ್ಮೆ ಬರುವುದು. ಒಬ್ಬ ನರ್ಸ್ ರಕ್ತದೊತ್ತಡ, ಸಕ್ಕರೆ, ಗಾಯ ಇವನ್ನು ನೋಡಿ ಔಷಧ ಕೊಡುವಳು. ಮೊದಮೊದಲು ಗಾಡಿಗಳು ಯಾವ ಊರಿನ ಪಾದ್ರಿಗೆ ಶಾಸಕರ ಪರಿಚಯವಿದೆಯೋ ಆ ಊರಿಗೆ ಹೋಗುತ್ತಿದ್ದವು. ಇದನ್ನು ತಪ್ಪಿಸಲೆಂದು ನಿಧಿಯವರು ಅಗತ್ಯವನ್ನು ಅಳೆಯುವ ಸೂತ್ರವೊಂದನ್ನು ಮಾಡಿದರು. ಅರವತ್ತೈದಕ್ಕೆ ಮುನ್ನ ಸತ್ತವರ ಸಂಖ್ಯೆಯನ್ನು ಊರಿನ ಜನಸಂಖ್ಯೆಯಿಂದ ಭಾಗಿಸಬೇಕು. ಸಾವಿರಕ್ಕೆ ಎಷ್ಟು ಎಂದು ಹೇಳಬೇಕು. ದರದ ಪ್ರಕಾರ ಊರುಗಳನ್ನು ಸಾಲಾಗಿ ಬರೆದು ಮೇಲಿನ ಇಪ್ಪತ್ತಕ್ಕೆ ಗಾಡಿ. ಎರಡು ಸಾವಿರಕ್ಕಿಂತ ಕಡಿಮೆ ಜನರಿರುವ ಊರನ್ನು ಸಾಲಿಗೆ ಸೇರಿಸುವಂತಿಲ್ಲ. ಅಂಕಿ ತೆರೆಯುವ ಮೊದಲೇ ನಿಯಮ ಪ್ರಕಟವಾಗಬೇಕು. ತೆರೆದ ಮೇಲೆ ಬದಲಾಗಕೂಡದು. ಯಾರ ಶಿಫಾರಸಿಗೂ ಬಗ್ಗದ ಈ ಸೂತ್ರ ನನಗೆ ಮೆಚ್ಚಿಕೆಯಾಗಿತ್ತು.

ಆ ಸಂಜೆ ಆಸ್ಕ್ಯೂ ನಿಧಿಯ ಹೊಸ ವರದಿಯನ್ನು ಹಿಡಿದುಕೊಂಡು ನನ್ನ ತರಗತಿಗೂ ಬಂದು ನಿಂತರು.

“ಇವತ್ತು ಒಳ್ಳೇ ಸುದ್ದಿ. ಹಾಲ್ಸೆಲ್ ಅವರೂ ಬೇಕಾದ್ರೆ ನಗಬಹುದು, ಪರವಾಗಿಲ್ಲ” ಎಂದು ನನ್ನ ಕಡೆ ನೋಡಿದರು. “ಕಾಟ್ರೆಲ್ ನೋಡಿ. ಹೋದ ಸಲ ಸಾಲಿನಲ್ಲಿ ಮೂರನೇದಿತ್ತು, ಈಗ ಇಪ್ಪತ್ತು ದಾಟಿ ಕೆಳಗೆ ಹೋಗಿದೆ. ಸಾಯೋರು ಅರ್ಧಕ್ಕರ್ಧ ಕಮ್ಮಿ. ಗಾಡಿಯಿಂದ ಗೆದ್ದ ಊರು ಅಂತ ನಿಧಿಯೋರು ಇದೊಂದೇ ಊರಿನ ಫೋಟೋ ಹಾಕಿದಾರೆ. ಕಾಟ್ರೆಲ್ ಮಾಡಿದ್ದೇನು, ಬೇರೆ ಊರು ಕಲೀಬೇಕಾದ್ದೇನು, ಇದೇ ನಿಮ್ಮ ಮುಂದಿನ ಬರಹ.”

ಹಿಂದಿನ ಬೆಂಚಿನಲ್ಲಿ ಲಕೀತಾ ಬೌಡ್ರಿ ಕೈ ಎತ್ತಿದಳು. ಮೂವತ್ತನ್ನು ದಾಟಿದ ಹೆಂಗಸು. ಹಗಲು ವೃದ್ಧರ ಆರೈಕೆಯ ಮನೆಯೊಂದರಲ್ಲಿ ದುಡಿದು ಅದೇ ಸಮವಸ್ತ್ರದಲ್ಲಿ ತರಗತಿಗೆ ಬರುತ್ತಿದ್ದಳು.

“ಮೇಡಂ, ನಾನು ಕಾಟ್ರೆಲ್‌ನೋಳು.”

“ಅಯ್ಯೋ, ಮತ್ತೆ ನೀನೇ ಹೇಳಮ್ಮ. ಏನ್ ಮಾಡಿದ್ರಿ ನೀವೆಲ್ಲ?”

“ಏನೂ ಮಾಡ್ಲಿಲ್ಲ ಮೇಡಂ, ಸತ್ವಿ. ಹೋದ ತಿಂಗಳು ಇಬ್ಬರನ್ನ ಮಣ್ಣು ಮಾಡಿದ್ವಿ. ಸಾವಿನ ಊಟಕ್ಕೆ ಅಂತ ಇಬ್ಬರ ಮನೆಗೂ ಕೇಕ್ ಮಾಡ್ಕೊಂಡು ಹೋದೋಳು ನಾನೇ. ಅರ್ಧಕ್ಕೆ ಇಳಿದಿದ್ರೆ ಒಂದ್ ಕೇಕ್ ಆದ್ರೂ ಉಳೀತಿತ್ತು.”

ತರಗತಿ ನಕ್ಕಿತು. ನಾನು ನಗಲಿಲ್ಲ. ಅವಳನ್ನು ಬೋರ್ಡಿಗೆ ಕರೆದೆ. ಅಂಶವನ್ನೂ ಛೇದವನ್ನೂ ಬೇರೆ ಬೇರೆಯಾಗಿ ಬರೆಯಲು ಹೇಳಿದೆ. ದರವೊಂದು ನಂಬಲಾರದಂತೆ ಕಂಡಾಗ ನೋಡಬೇಕಾದದ್ದು ಮೊದಲು ಕೆಳಗೆ. ಜನ ಸಾಮಾನ್ಯವಾಗಿ ಮೇಲೆ ನೋಡುತ್ತಾರೆ.

ಅಂಶ, ಅಂದರೆ ಸತ್ತವರು, ಹನ್ನೊಂದು. ಹೋದ ಸಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಛೇದ, ಅಂದರೆ ಊರಿನ ಜನ, ಮೂರು ಸಾವಿರದ ಏಳುನೂರು.

“ಇದೆಲ್ಲಿಂದ ಬಂತು ಸಾರ್? ಇಷ್ಟು ಜನ ಇದ್ದಿದ್ರೆ ನಮ್ಮ ಹೈಸ್ಕೂಲ್ ಯಾಕೆ ಮುಚ್ತಿದ್ರು?”

“ಜನಗಣತಿಯಿಂದ ಬಂದಿದೆ. ಗಂಡು ಹೆಣ್ಣು ಬಿಡಿಸಿ ಬರಿ.”

ಅವಳು ವರದಿಯ ಹಿಂದಿನ ಪುಟಗಳನ್ನು ತಿರುವಿ ಬರೆದಳು. ಹೆಂಗಸರು ಒಂದು ಸಾವಿರ. ಗಂಡಸರು ಎರಡು ಸಾವಿರದ ಏಳುನೂರು. ಸೀಮೆಸುಣ್ಣ ಹಿಡಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಅದನ್ನೇ ನೋಡಿದಳು.

“ನಮ್ಮೂರಲ್ಲಿ ಇಷ್ಟು ಗಂಡಸರಿದ್ದಾರಾ? ಹದಿನೈದು ವರ್ಷದಿಂದ ಹುಡುಕ್ತಾ ಇದೀನಿ, ನಂಗೊಬ್ಬ ಸಿಗ್ಲಿಲ್ಲವಲ್ಲ! ಎಲ್ಲಿ ಬಚ್ಚಿಟ್ಟಿದಾರೆ ಸಾರ್ ಇವರನ್ನ?”

ಮತ್ತೆ ನಗು ಎದ್ದಿತು. ನಗು ಇಳಿಯುವ ಮೊದಲೇ ಅವಳ ಮುಖ ಬದಲಾಯಿತು.

“ಬೇಲಿ ಒಳಗೆ” ಎಂದಳು.

ಕಾಟ್ರೆಲ್‌ನ ಹೊರಗೆ, ಹಿಂದೆ ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ, ಎರಡು ಜನಗಣತಿಗಳ ನಡುವೆ ಒಂದು ಜೈಲು ಎದ್ದಿತ್ತು. ದೂರದ ನಗರಗಳ ಗಂಡಸರನ್ನು ಅಲ್ಲಿ ತಂದು ಇಡುತ್ತಿದ್ದರು. ಮನುಷ್ಯ ಎಲ್ಲಿ ಮಲಗುವನೋ ಅಲ್ಲಿಯವನೆಂದು ಜನಗಣತಿ ಎಣಿಸುತ್ತದೆ. ಆದ್ದರಿಂದ ಆ ಗಂಡಸರು ಕಾಟ್ರೆಲ್‌ನವರಾದರು. ಕಾಯಿಲೆ ಬಲಿತರೆ ಅವರನ್ನು ಬೇರೊಂದು ಜೈಲಿನ ಆಸ್ಪತ್ರೆಗೆ ಒಯ್ಯುತ್ತಿದ್ದರು. ಸತ್ತರೆ ಸಾವನ್ನು ಅವರವರ ಹುಟ್ಟೂರಿನ ಲೆಕ್ಕಕ್ಕೆ ಬರೆಯುತ್ತಿದ್ದರು. ಅವರು ಛೇದದಲ್ಲಿ ಇದ್ದರು, ಅಂಶದಲ್ಲಿ ಇರಲಿಲ್ಲ. ಯಾರೂ ಗುಣವಾಗದೆ ಊರು ಆರೋಗ್ಯವಂತವಾದದ್ದು ಹೀಗೆ. ಇಂಥ ತಪ್ಪನ್ನು ಬೇರಾರೂ ಮಾಡಲಾರರು. ಊರಿಗೆ ಹೋಗದೆ ಊರಿನ ಬಗ್ಗೆ ನ್ಯಾಯವಾಗಿ ತೀರ್ಮಾನಿಸಬೇಕೆಂದು ಪಣ ತೊಟ್ಟ ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು ಅದು.

“ಕೈದಿಗಳನ್ನ ಕಳಿ” ಎಂದೆ.

ಅವಳು ಫೋನಿನಲ್ಲಿ ಜೈಲಿನ ಲೆಕ್ಕ ಹುಡುಕಿ ಸಾವಿರದ ಎಂಟುನೂರ ಐವತ್ತನ್ನು ಕಳೆದಳು. ಉಳಿದದ್ದೂ ಸಾವಿರದ ಎಂಟುನೂರ ಐವತ್ತು. ಮತ್ತೆ ಭಾಗಿಸಿದಳು. ಸಾವಿರಕ್ಕೆ ಮೂರರೊಳಗಿದ್ದ ದರ ಆರನ್ನು ಮುಟ್ಟಿತು. ರಾಜ್ಯದ ಸರಾಸರಿ ನಾಲ್ಕು; ಸಾಲಿನ ಮೊದಲ ಊರಿನದೂ ಅಷ್ಟಿರಲಿಲ್ಲ.

“ನೋಡಿ ಮೇಡಂ!” ಎಂದು ಆಸ್ಕ್ಯೂ ಕಡೆಗೆ ತಿರುಗಿದಳು. “ನಾವೇ ಮೊದಲು! ಇಡೀ ಡೆಲ್ಟಾಕ್ಕೇ ನಾವು ಮೊದಲು!” ಕೆಟ್ಟ ಸುದ್ದಿಯನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿರಲಿಲ್ಲ.

ನಾನು ಆಗಲೇ ಲೆಕ್ಕದ ಮುಂದಿನ ಹೆಜ್ಜೆಯನ್ನು ಕಂಡಿದ್ದೆ. ಹೇಳದಿರಬಹುದಾಗಿತ್ತು, ಅವಳು ಮನೆಗೆ ಹೋಗುವವರೆಗಾದರೂ. ಆದರೆ ಬೋರ್ಡಿನ ಮೇಲೆ ಲೆಕ್ಕವನ್ನು ಅರ್ಧಕ್ಕೆ ಬಿಡುವುದು ನನ್ನಿಂದಾಗದು.

“ಜನಸಂಖ್ಯೆ ಎಷ್ಟು?”

“ಸಾವಿರದೆಂಟುನೂರ...” ಎಂದು ಆರಂಭಿಸಿ ಅವಳು ನಿಂತಳು.

“ಹೋದ ಗಣತೀಲಿ ನಿಮ್ಮೂರು ಎರಡು ಸಾವಿರ ದಾಟಿತ್ತು, ಈಗ ಇಲ್ಲ. ಎರಡು ಸಾವಿರದ ಕೆಳಗಿನ ಊರನ್ನ ಸಾಲಿಗೆ ಸೇರಿಸೋದಿಲ್ಲ. ಯಾಕೆ?”

ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ನಾನೇ ಕಲಿಸಿದ್ದೆ. ಸಣ್ಣ ಊರಿನಲ್ಲಿ ಒಂದು ವರ್ಷ ನಾಲ್ವರು ಹೆಚ್ಚು ಸಾಯಬಹುದು, ಮರುವರ್ಷ ನಾಲ್ವರು ಕಡಿಮೆ. ಇದೇ ಕಾಟ್ರೆಲ್‌ನಲ್ಲಿ ನಾಲ್ವರು ಬದುಕಿಕೊಂಡರೆ ದರ ಸರಾಸರಿಗಿಂತ ಕೆಳಗೆ ಬೀಳುತ್ತದೆ. ಅದು ಆರೋಗ್ಯವೂ ಅಲ್ಲ, ಅನಾರೋಗ್ಯವೂ ಅಲ್ಲ, ಆಕಸ್ಮಿಕ. ಆಕಸ್ಮಿಕವನ್ನು ನಂಬಿ ಗಾಡಿ ಹಂಚಿದರೆ ನಿಜವಾಗಿ ಅಗತ್ಯವಿರುವ ಊರಿಗೆ ಅನ್ಯಾಯವಾಗುತ್ತದೆ. ನಿಯಮ ಸರಿಯಾದದ್ದು. ಇಂದಿಗೂ ನಾನು ಅದನ್ನು ಸರಿಯೆಂದೇ ಹೇಳುತ್ತೇನೆ.

“ಅಂದ್ರೆ ಕೈದಿಗಳನ್ನ ಸೇರಿಸಿದ್ರೆ ನಾವು ಆರೋಗ್ಯವಾಗಿದೀವಿ. ಬಿಟ್ರೆ ನಾವು ಇಲ್ಲವೇ ಇಲ್ಲ” ಎಂದಳು ಲಕೀತಾ.

“ಸಾಲಿನಲ್ಲಿ ಇಲ್ಲ.”

“ಇನ್ನೂ ಒಂದಿಷ್ಟು ಜನ ಸತ್ರೆ ಲೆಕ್ಕಕ್ಕೆ ಬರ್ತೀವಾ ಸಾರ್?”

“ಇಲ್ಲ. ಸತ್ರೆ ಬರೋದಿಲ್ಲ. ಬದುಕಿರೋರು ಹೆಚ್ಚಬೇಕು.”

ಈ ಸಲ ಯಾರೂ ನಗಲಿಲ್ಲ. ಅವಳು ಸೀಮೆಸುಣ್ಣವನ್ನು ಅದರ ಜಾಗದಲ್ಲಿಟ್ಟು ಹೋಗಿ ಕುಳಿತಳು.

ತರಗತಿ ಬಿಟ್ಟ ಮೇಲೆ ಅವಳು ಬಾಗಿಲಲ್ಲಿ ಕಾದಿದ್ದಳು. ಅಕ್ಕನ ವಿಷಯ ಹೇಳಿದ್ದು ಆಗ. ಅಕ್ಕನ ಹೆಸರು ವರ್ನೆಲ್. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು, ಸಕ್ಕರೆ ಕಾಯಿಲೆ, ಎಡ ಪಾದದ ಅಡಿಯಲ್ಲಿ ಹುಣ್ಣು. ಪ್ರತಿ ಗುರುವಾರ ಗಾಡಿಯ ನರ್ಸ್ ಅದನ್ನು ತೊಳೆದು, ಸತ್ತ ಚರ್ಮ ಕತ್ತರಿಸಿ, ಕಟ್ಟು ಹಾಕಿ, ಸಕ್ಕರೆ ನೋಡಿ ಔಷಧ ಸರಿಪಡಿಸುತ್ತಿದ್ದಳು. ಹುಣ್ಣು ಗೋಲಿಯಷ್ಟಿದ್ದದ್ದು ಕಡಲೆಯಷ್ಟಾಗಿತ್ತು. ನವೆಂಬರ್ ಕೊನೆಗೆ ಗಾಡಿ ನಿಲ್ಲುವುದೆಂದು ವರದಿಯ ಕೊನೆಯ ಪುಟದಲ್ಲಿತ್ತು.

“ಗಾಡಿ ನಿಂತ್ರೆ ಆ ಕಾಲು ಹೋಗತ್ತೆ ಸಾರ್. ನಮ್ಮ ಬೀದೀಲಿ ಕಾಲು ಹೋದೋರು ಈಗ್ಲೇ ಮೂವರಿದಾರೆ. ಹೇಗೆ ಹೋಗತ್ತೆ ಅಂತ ನಮಗೆ ಬಾಯಿಪಾಠ. ನಂಗೆ ನ್ಯಾಯ ಗೀಯ ಏನೂ ಬೇಡ. ಆ ಪಾದ ಒಂದು ಉಳಿದ್ರೆ ಸಾಕು.”

ದಾರಿಯೊಂದು ಇತ್ತು. ಒಂದು ವರ್ಷದ ಸಾವುಗಳಿಗೆ ಬದಲು ಐದು ವರ್ಷದವನ್ನು ಕೂಡಿಸಿದರೆ ಸಣ್ಣ ಊರಿನ ದರವೂ ಅಲುಗಾಡದೆ ನಿಲ್ಲುತ್ತದೆ. ನಾನು ಕೂಡಿಸಿ ನೋಡಿದೆ. ಐದು ವರ್ಷಕ್ಕೂ ದರ ಆರರ ಆಸುಪಾಸಿನಲ್ಲಿಯೇ ಇತ್ತು. ಆಕಸ್ಮಿಕವೆನ್ನಲು ಎಡೆಯಿರಲಿಲ್ಲ. ಲೆಕ್ಕವನ್ನು ಎರಡು ಸಲ ಪರೀಕ್ಷಿಸಿ ನಿಧಿಯ ಕಚೇರಿಗೆ ಹೋಗಲು ದಿನ ಕೇಳಿದೆ. ಗಾಡಿಗಳ ಹಂಚಿಕೆ ನೋಡಿಕೊಳ್ಳುತ್ತಿದ್ದವನು ಡೆಲ್ಮಸ್ ರಸ್ಕ್. ನಮ್ಮಿಬ್ಬರ ಹಳೆಯ ವಿದ್ಯಾರ್ಥಿ. ಇದು ಒಳ್ಳೆಯದೆಂದು ಆಸ್ಕ್ಯೂ ಸಂತೋಷಪಟ್ಟರು. ನನಗೆ ಆ ಸಂತೋಷವಿರಲಿಲ್ಲ. ರಸ್ಕ್ ನನ್ನ ಬಳಿ ಓದಿದವರಲ್ಲಿ ಅತ್ಯಂತ ಶಿಸ್ತಿನವನು.

ನಾವು ಮೂವರೂ ಹೋದೆವು. ರಸ್ಕ್ ಎದ್ದು ನಿಂತು ನನ್ನ ಕೋಟನ್ನು ತಾನೇ ತೆಗೆದುಕೊಂಡು ತೂಗುಹಾಕಿದನು.

“ಸಾರ್, ನಿಮ್ಮೆದುರು ಕೂತ್ಕೊಳ್ಳೋಕೆ ಈಗಲೂ ಭಯ ಆಗತ್ತೆ” ಎಂದು ನಕ್ಕನು.

“ಕೂತ್ಕೊಳ್ಳಪ್ಪ. ಇವತ್ತು ಪರೀಕ್ಷೆ ಅಲ್ಲ.”

ಅವನು ನನ್ನ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದನು. ಮಧ್ಯದಲ್ಲಿ ಒಂದು ಕಡೆ ಪೆನ್ಸಿಲಿನಿಂದ ತಾನೂ ಭಾಗಿಸಿ ನೋಡಿದನು. ನಂತರ ಹಾಳೆಯನ್ನು ಮೇಜಿನ ಮೇಲೆ ನೇರವಾಗಿ ಇಟ್ಟನು.

“ಲೆಕ್ಕ ಸರಿ ಇದೆ ಸಾರ್. ತಪ್ಪು ನಮ್ಮದು. ಜೈಲು ನಮಗೆ ಹೊಳೀಲೇ ಇಲ್ಲ.”

ಲಕೀತಾ ಕುರ್ಚಿಯ ಅಂಚಿಗೆ ಬಂದಳು. “ಹಾಗಾದ್ರೆ ಗಾಡಿ ನಿಲ್ಸಲ್ಲ ಅಲ್ವಾ?”

“ನಿಲ್ಸಲೇಬೇಕಮ್ಮ.”

“ತಪ್ಪು ನಮ್ಮದು ಅಂದ್ರಲ್ಲ ಈಗ ತಾನೇ!”

“ಅಂದೆ. ಮುಂದಿನ ಸಾಲು ಮಾಡುವಾಗ ತಿದ್ತೀವಿ. ಜೈಲಿನೋರನ್ನ ಬಿಡ್ತೀವಿ, ಐದು ವರ್ಷ ಕೂಡಿಸ್ತೀವಿ, ಎಲ್ಲಾ ಊರಿಗೂ. ಅದಕ್ಕೆ ಇನ್ನೂ ಎರಡು ವರ್ಷ ಇದೆ. ಈಗ ಕಾಟ್ರೆಲ್‌ಗೆ ಮಾತ್ರ ಮಾಡಿಕೊಡೋಕೆ ಆಗಲ್ಲ. ಜೈಲಿರೋ ಊರು ಬೇರೆಯೂ ಇವೆ. ಎರಡು ಸಾವಿರದ ಕೆಳಗಿನ ಊರಂತೂ ಎಷ್ಟೋ. ಅಲ್ಲೆಲ್ಲ ಲೆಕ್ಕ ಮಾಡೋರು ಯಾರೂ ಇಲ್ಲ ಅಷ್ಟೇ.”

ಆಸ್ಕ್ಯೂ ಮುಂದಕ್ಕೆ ಬಾಗಿದರು. “ಡೆಲ್ಮಸ್, ನ್ಯಾಯ ಅನ್ನೋದು ನಿಯಮದ ಪುಸ್ತಕ ಅಲ್ಲಪ್ಪ. ನಿನ್ನ ಕಣ್ಣೆದುರಿಗೆ ಒಂದು ಊರು ಕೂತಿದೆ.”

“ಹೌದು ಮೇಡಂ. ಕಣ್ಣೆದುರು ಬಂದು ಕೂತೋರಿಗೆ ಗಾಡಿ ಕೊಡ್ತಿದ್ದ ಕಾಲ ಹೇಗಿತ್ತು ಅಂತ ನೀವೇ ಒಂದಿಡೀ ತಿಂಗಳು ಪಾಠ ಮಾಡಿದ್ರಿ.” ಅವನ ದನಿಯಲ್ಲಿ ಸೊಕ್ಕಿರಲಿಲ್ಲ. “ಇರೋದು ನಾಲ್ಕೇ ಗಾಡಿ, ವಾರಕ್ಕೆ ಇಪ್ಪತ್ತೇ ಊರು. ಕಾಟ್ರೆಲ್‌ಗೆ ಒಂದು ದಿನ ಕೊಡಬೇಕಾದ್ರೆ ಇನ್ನೊಂದು ಊರಿಂದ ಕಿತ್ಕೋಬೇಕು. ಅವರೂ ನಮ್ಮೋರೇ, ಅವರಿಗೂ ಸಕ್ಕರೆ ಇದೆ, ಹುಣ್ಣಿದೆ. ನಮ್ಮ ಮೇಷ್ಟ್ರು ಬಂದಿದ್ರು, ಅದಕ್ಕೆ ನಿಮ್ಮ ಗಾಡಿ ತೊಗೊಂಡ್ವಿ ಅಂತ ಅವರಿಗೆ ಹೇಳ್ಲಾ?”

ಆಸ್ಕ್ಯೂ ಹಿಂದಕ್ಕೆ ಒರಗಿದರು. ರಸ್ಕ್ ನನ್ನ ಕಡೆ ನೋಡಿದನು.

“ಉತ್ತರ ನೋಡಿದ ಮೇಲೆ ನಿಯಮ ಮುಟ್ಟಬಾರದು. ನಿಮ್ಮ ಮೊದಲನೇ ಪಾಠ ಸಾರ್. ನಾನು ಅದನ್ನ ಮರೆತಿಲ್ಲ.”

ಲಕೀತಾ ನನ್ನ ತೋಳನ್ನು ಹಿಡಿದಳು. ವಿದ್ಯಾರ್ಥಿಗಳು ಹಾಗೆ ಮಾಡುವುದಿಲ್ಲ. “ಸಾರ್, ನೀವೇನಾದ್ರೂ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ.”

ಅವನ ಮಾತಿನಲ್ಲಿ ಎಲ್ಲಿಯಾದರೂ ತಪ್ಪು ಇದೆಯೇ ಎಂದು ನಾನು ಹುಡುಕಿದೆ. ಒಂದೊಂದು ಮೆಟ್ಟಿಲನ್ನೂ ಇಳಿದು ಹತ್ತಿ ನೋಡಿದೆ. ಇದ್ದಿದ್ದರೆ ಕಾಣುತ್ತಿತ್ತು; ತಪ್ಪು ಕಾಣುವುದಷ್ಟೇ ನಾನು ಬಲ್ಲ ಕೆಲಸ. ಅವಳು ಕಾಯುತ್ತಿದ್ದಳು.

“ಅವನು ಹೇಳೋದು ಸರಿ” ಎಂದೆ.

ತೋಳಿನ ಮೇಲಿದ್ದ ಕೈ ಹೋಯಿತು.

ಹಿಂದಿರುಗುವಾಗ ಕಾರು ಓಡಿಸುತ್ತಿದ್ದವರು ಆಸ್ಕ್ಯೂ. ಇಬ್ಬದಿಯಲ್ಲೂ ಬೋಳು ಹೊಲ. ಒಂದು ಪೆಟ್ರೋಲ್ ಬಂಕಿನ ಬಳಿ ನಿಂತಾಗ ಲಕೀತಾ ಹಿಂದಿನ ಸೀಟಿನಿಂದ ಕೇಳಿದಳು:

“ಎರಡು ವರ್ಷ ಕಾಯೋ ಕಾಲು ಇರತ್ತಾ ಮೇಡಂ?”

ಆಸ್ಕ್ಯೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಇಂಧನ ಹಾಕಲು ಇಳಿದರು.

ಒಂದು ಊರಿನ ಬಗ್ಗೆ ಏನನ್ನು ಕಂಡರೂ ಅದನ್ನು ಆ ಊರಿನವರ ಮುಂದೆ ಹೋಗಿ ಒಪ್ಪಿಸಬೇಕೆಂಬುದು ನಮ್ಮ ಕೋರ್ಸಿನ ಪದ್ಧತಿ. ಅವರ ಸಾವುಗಳನ್ನು ಎಣಿಸಿ ಅವರಿಗೇ ಹೇಳದೆ ಹೋಗುವುದು ಕಳ್ಳತನವೆಂದು ಆಸ್ಕ್ಯೂ ಹೇಳುತ್ತಿದ್ದರು. ಹೀಗಾಗಿ ಗಾಡಿಯ ಕೊನೆಯ ಗುರುವಾರದಂದು ನಾವು ಕಾಟ್ರೆಲ್‌ನ ಮೌಂಟ್ ನೀಬೋ ಚರ್ಚಿಗೆ ಹೋದೆವು. ಊಟದ ಕೋಣೆಯಲ್ಲಿ ಜನ ಸೇರಿದ್ದರು. ಮೇಜಿನ ಮೇಲೆ ಹುರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ಕಿಟಕಿಯಾಚೆ ಬಿಳಿಯ ಗಾಡಿ ನಿಂತಿತ್ತು. ಮೆಟ್ಟಿಲ ಬಳಿ ಜನ ಸಾಲುಗಟ್ಟಿದ್ದರು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ದಪ್ಪಗಿನ ಹೆಂಗಸೊಬ್ಬಳು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕುಳಿತಿದ್ದಳು. ಚಪ್ಪಲಿಯ ಮುಂಭಾಗವನ್ನು ಕತ್ತರಿಸಿ ಅಗಲ ಮಾಡಲಾಗಿತ್ತು.

“ಇವರೇ ಏನೇ ಕೀತಾ, ನಿನ್ನ ನಿದ್ದೆ ಕೆಡ್ಸೋ ಮೇಷ್ಟ್ರು? ನಾನೇನೋ ಆರಡಿ ಆಳು ಅಂದ್ಕೊಂಡಿದ್ದೆ. ಬನ್ನಿ, ಮೊದಲು ತಿನ್ನಿ. ಮೀನು ಆರಿದ್ರೆ ಕೆಟ್ಟ ಸುದ್ದಿ ಇನ್ನೂ ಕಹಿಯಾಗತ್ತೆ.”

“ಕೆಟ್ಟ ಸುದ್ದಿ ಅಂತ ನಿಮಗೆ ಯಾರು ಹೇಳಿದ್ರು?”

“ಒಳ್ಳೇ ಸುದ್ದಿ ಹೇಳೋಕೆ ಇಬ್ಬರು ಪ್ರೊಫೆಸರು ಇಷ್ಟು ದೂರ ಬರ್ತಾರಾ? ಫೋನ್ ಮಾಡ್ತಾರೆ.”

ವರ್ನೆಲ್ ಎಂದರೆ ಇವಳೇ. ನಾನು ತಿಂದೆ. ನಂತರ ಎದ್ದು ನಿಂತು ಹೇಳಬೇಕಾದದ್ದನ್ನು ಹೇಳಿದೆ. ಅಂಶ, ಛೇದ ಎಂಬ ಪದಗಳನ್ನು ಬಳಸಲಿಲ್ಲ. ಒಂದು ಪಾತ್ರೆ ಸಾರಿಗೆ ಎಷ್ಟು ಉಪ್ಪು ಬಿದ್ದಿದೆಯೆಂದು ನೋಡುವಾಗ ಯಾರೋ ಇನ್ನೊಂದು ಪಾತ್ರೆ ನೀರು ಸುರಿದಿದ್ದಾರೆ ಎಂದೆ. ಅಡುಗೆಯವರಿಗೆ ತಕ್ಷಣ ತಿಳಿಯಿತು.

ಊರಿನ ಮೇಯರ್ ಎದ್ದರು. “ಮೇಷ್ಟ್ರೇ, ನಿಮ್ಮ ಮಾತು ಒಪ್ಪಿದೆ. ಆದ್ರೆ ಬೇಲಿ ಒಳಗಿನೋರು ನಮ್ಮೋರಲ್ಲ ಅಂತ ದೊಡ್ಡದಾಗಿ ಕೂಗಬೇಡಿ. ನಮ್ಮ ರಸ್ತೆ, ನೀರಿನ ಪೈಪು ಬರೋದೂ ತಲೆ ಎಣಿಸೇ. ಆ ತಲೆ ಹೋದ್ರೆ ಅದೂ ಹೋಯ್ತು. ಇಲ್ಲಿ ಕೂತಿರೋರಲ್ಲಿ ಅರ್ಧ ಜನದ ಮನೇಲಿ ಅಲ್ಲಿ ಕಾವಲು ಕೆಲಸಕ್ಕೆ ಹೋಗೋರಿದಾರೆ.”

“ಕೂತ್ಕೊಳ್ರೀ ಮೇಯರ್, ನಿಮ್ಮ ಪೈಪಲ್ಲಿ ನೀರು ಬಂದು ಯಾವ ಕಾಲ ಆಯ್ತು” ಎಂದು ವರ್ನೆಲ್ ಕುಳಿತಲ್ಲಿಂದಲೇ ಹೇಳಿದಳು. ಕೋಣೆಯೆಲ್ಲ ನಕ್ಕಿತು. ಮೇಯರ್ ಕೂಡ ನಕ್ಕು ಕುಳಿತರು. ಆದರೆ ಅವರ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ, ನಾನೂ ಅಲ್ಲಗಳೆಯಲಾರದವನಾಗಿದ್ದೆ.

“ಅಂದ್ರೆ ಆ ಪಾಪದ ಗಂಡಸರು ಬಂದು ನಮ್ಮ ಗಾಡೀನ ತಿಂದ್ಹಾಕಿದ್ರು” ಎಂದಳು ವರ್ನೆಲ್.

“ಅವರದೇನೂ ತಪ್ಪಿಲ್ಲ, ಮಿಸ್ ವರ್ನೆಲ್.”

“ತಪ್ಪು ಯಾರದು ಅಂತ ನಾನು ಕೇಳ್ಲೇ ಇಲ್ಲ ಮೇಷ್ಟ್ರೇ. ಮುಂದಿನ ಗುರುವಾರ ಗಾಡಿ ಬರತ್ತಾ ಅಂತ ಕೇಳ್ತಿದೀನಿ.”

“ಬರೋದಿಲ್ಲ.”

“ಅಷ್ಟೇ ಹೇಳಿದ್ರೆ ಸಾಕಿತ್ತಲ್ಲ. ಸಾರಿನ ಪಾತ್ರೆ ಎಲ್ಲಾ ಯಾಕೆ ಬೇಕಿತ್ತು?”

ಅವಳು ಕಟುವಾಗಿ ಹೇಳಲಿಲ್ಲ. ಜನ ಎದ್ದು ತಟ್ಟೆಗಳನ್ನು ತೆಗೆಯತೊಡಗಿದರು. ಕೆಲವರು ಬಂದು ನನ್ನ ಕೈ ಕುಲುಕಿ, ಇಷ್ಟು ದೂರ ಬಂದದ್ದಕ್ಕೆ ಕೃತಜ್ಞತೆ ಹೇಳಿದರು. ನಮ್ಮ ಬರಹಗಳಲ್ಲಿ ಇದನ್ನು ಸಮುದಾಯದ ಸಹಕಾರ ಎನ್ನುತ್ತೇವೆ.

ಗಾಡಿಯೊಳಗೆ ನರ್ಸ್ ಲಕೀತಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹುಣ್ಣನ್ನು ತೊಳೆಯುವ ಬಗೆ ತೋರಿಸಿದಳು. ಬಟ್ಟೆಯ ಸುರುಳಿಗಳನ್ನೂ ಉಪ್ಪುನೀರಿನ ಬಾಟಲಿಗಳನ್ನೂ ಕವರಿಗೆ ತುಂಬಿಕೊಟ್ಟಳು.

“ನೋವಾಗ್ತಿದೆಯಾ?” ಎಂದು ನಾನು ವರ್ನೆಲ್‌ಳನ್ನು ಕೇಳಿದೆ.

“ಇಲ್ಲ ಮೇಷ್ಟ್ರೇ. ಆ ಪಾದ ಮರಗಟ್ಟಿದೆ. ನೋವಿದ್ದಿದ್ರೆ ಧೈರ್ಯ ಇರ್ತಿತ್ತು.”

ಆ ಚಳಿಗಾಲದಲ್ಲಿ ನಾವು ಏನನ್ನೂ ಮಾಡದೆ ಕುಳಿತಿರಲಿಲ್ಲ. ಅದನ್ನು ಹೇಳುವುದು ಸಮರ್ಥನೆಗಲ್ಲ. ಮಾಡಿದ್ದು ಯಾವುದೂ ಸಾಲಲಿಲ್ಲವೆಂದು ತೋರಿಸುವುದಕ್ಕೆ. ಹತ್ತಿರದ ಗಾಯದ ಕ್ಲಿನಿಕ್ ನದಿಯ ಬದಿಯ ಪಟ್ಟಣದಲ್ಲಿತ್ತು. ಹೋಗಿ ಬರಲು ಒಂದು ಹಗಲೇ ಬೇಕು. ವರ್ನೆಲ್ ರಜೆ ಹಾಕಿದರೆ ಶಾಲೆಯವರು ಬದಲಿ ಅಡುಗೆಯವಳನ್ನು ಇಟ್ಟುಕೊಳ್ಳುತ್ತೇವೆಂದರು. ಲಕೀತಾ ತನ್ನ ಕೆಲಸ ಬಿಟ್ಟು ಅವಳನ್ನು ಕರೆದೊಯ್ದ ವಾರ ತಾನೇ ಎಚ್ಚರಿಕೆಯ ಮಾತು ಕೇಳಿದಳು. ಆಸ್ಕ್ಯೂ ಅಧ್ಯಾಪಕರಿಂದ ಹಣ ಕೂಡಿಸಿ ಬಾಡಿಗೆ ಕಾರಿನ ಏರ್ಪಾಡು ಮಾಡಿದರು. ಅದು ಕ್ರಿಸ್‌ಮಸ್‌ವರೆಗೆ ನಡೆಯಿತು. ನಾನು ಕಾರು ಓಡಿಸುವುದನ್ನು ಕಣ್ಣಿನ ವೈದ್ಯರು ನಿಲ್ಲಿಸಿದ್ದರು. ನಿಧಿಗೆ ಮತ್ತೆರಡು ಪತ್ರ ಬರೆದೆ. ಎರಡಕ್ಕೂ ರಸ್ಕ್ ಕೈಯಾರೆ ಉತ್ತರಿಸಿದನು; ಎರಡೂ ಸೌಜನ್ಯದಿಂದ ಕೂಡಿದ್ದವು; ಎರಡರಲ್ಲೂ ತರ್ಕ ಸರಿಯಾಗಿತ್ತು.

ವರ್ನೆಲ್ ಅಡುಗೆಮನೆಯ ಸಿಮೆಂಟು ನೆಲದ ಮೇಲೆ ದಿನವಿಡೀ ನಿಂತಳು. ಲಕೀತಾ ಪ್ರತಿ ಸಂಜೆ ತರಗತಿಯಿಂದ ಮನೆಗೆ ಹೋಗಿ ಹುಣ್ಣು ತೊಳೆದಳು. ನರ್ಸ್ ತೋರಿಸಿದಂತೆಯೇ ತೊಳೆದಳು. ಆದರೆ ಔಷಧ ಯಾವಾಗ ಹೆಚ್ಚಿಸಬೇಕು, ಸತ್ತ ಚರ್ಮ ಎಲ್ಲಿಯವರೆಗೆ ಕತ್ತರಿಸಬೇಕು ಎಂಬುದನ್ನು ಕವರಿನಲ್ಲಿ ತುಂಬಿಕೊಡಲು ಬರುವುದಿಲ್ಲ. ಜನವರಿ ಕಳೆಯುವಾಗ ಆ ಕಾಲಿನ ಎರಡು ಬೆರಳು ಕಪ್ಪಾದವು. ಫೆಬ್ರವರಿಯಲ್ಲಿ, ನದಿಯ ಬದಿಯ ಪಟ್ಟಣದ ಆಸ್ಪತ್ರೆಯಲ್ಲಿ, ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಸ್ಕ್ಯೂ ಕಾರಿನಲ್ಲಿ ನಾನೂ ನೋಡಲು ಹೋದೆ. ವರ್ನೆಲ್ ದಿಂಬಿಗೆ ಒರಗಿ ಕುಳಿತಿದ್ದಳು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಆ ಕಡೆ ನೋಡದಿರಲು ಆಸ್ಕ್ಯೂ ಪಟ್ಟ ಪ್ರಯತ್ನ ಎದ್ದು ಕಾಣುತ್ತಿತ್ತು.

“ನೋಡಿ ಪರವಾಗಿಲ್ಲ ಮೇಡಂ, ನಾಚಿಕೆ ಪಡೋಕೆ ಅಲ್ಲೇನೂ ಉಳಿದಿಲ್ಲ” ಎಂದಳು ವರ್ನೆಲ್.

ಆಸ್ಕ್ಯೂ ಅವಳ ಕೈ ಹಿಡಿದು ಅತ್ತರು. ಏನೇನೋ ಹೇಳಿದರು, ಮುಂದಿನ ಸಲದ ಸಾಲಿನಲ್ಲಿ ಕಾಟ್ರೆಲ್ ಬಂದೇ ಬರುತ್ತದೆ, ನಿಮ್ಮ ವಿಷಯ ಎಲ್ಲರಿಗೂ ತಿಳಿಯುತ್ತದೆ, ನೀವು ವ್ಯರ್ಥವಾಗಿ ನರಳಲಿಲ್ಲ ಎಂದು. ವರ್ನೆಲ್ ತಲೆಯಾಡಿಸುತ್ತ ಅವರ ಬೆನ್ನು ತಟ್ಟಿದಳು. ಯಾರು ಯಾರನ್ನು ನೋಡಲು ಬಂದದ್ದೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಲಕೀತಾ ಕಿಟಕಿಯ ಬಳಿ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕೆಳಗೆ ವಾಹನಗಳ ಅಂಗಳ. ಅದರಾಚೆ ನದಿಯ ಏರಿ. ಏರಿಯ ಹಿಂದಿನ ನದಿ ಅಲ್ಲಿಂದ ಕಾಣುವುದಿಲ್ಲ.

“ಡಾಕ್ಟ್ರು ಹೇಳಿದ್ರು, ಇನ್ನೊಂದು ವಾರ ತಡವಾಗಿದ್ರೆ ಜೀವಾನೇ ಹೋಗ್ತಿತ್ತಂತೆ” ಎಂದಳು ತಗ್ಗಿದ ದನಿಯಲ್ಲಿ.

“ಹೌದೇನು.”

“ನಾನೊಂದು ಲೆಕ್ಕ ಮಾಡಿದೆ ಸಾರ್. ಸರಿಯಾ ನೋಡ್ತೀರಾ?”

ಅವಳು ಏನು ಹೇಳಲಿರುವಳೆಂದು ನನಗೆ ತಿಳಿದಿತ್ತು. ದಾರಿಯಲ್ಲಿ ಬರುವಾಗ ನಾನೂ ಆ ಲೆಕ್ಕವನ್ನು ಮಾಡಿದ್ದೆ. ಅವಳು ಮಾಡದಿರಲಿ ಎಂದುಕೊಂಡಿದ್ದೆ; ಕಲಿಸಿದ್ದನ್ನು ವಿದ್ಯಾರ್ಥಿ ಮರೆಯಲಿ ಎಂದು ನಾನು ಬಯಸಿದ್ದು ಅದೊಂದೇ ಸಲ.

“ಹೇಳು.”

“ಸೂತ್ರದಲ್ಲಿ ಸಾವು ಇದೆ, ಕಾಲು ಇಲ್ಲ. ಅಕ್ಕ ಸತ್ತಿದ್ರೆ ಅಂಶಕ್ಕೆ ಒಂದು ಕೂಡ್ತಿತ್ತು. ಬದುಕಿದ್ಲು, ಕೂಡ್ಲಿಲ್ಲ. ಅಂದ್ರೆ ಇವಳ ಕಾಲು ಹೋಗಿದ್ದರಿಂದ ನಮ್ಮೂರಿನ ಅಗತ್ಯ ಅಷ್ಟು ಕಮ್ಮಿ ಆಯ್ತು. ಮುಂದಿನ ಸಾಲು ಮಾಡುವಾಗ ನಾವು ಆ ಒಂದರಷ್ಟು ಕೆಳಗೆ ಇರ್ತೀವಿ.” ಅವಳು ನನ್ನ ಮುಖ ನೋಡಿದಳು. “ಎಲ್ಲಾದ್ರೂ ತಪ್ಪಿದೀನಾ ಸಾರ್?”

ಆಸ್ಕ್ಯೂ ಅಳು ನಿಲ್ಲಿಸಿ ಈ ಕಡೆ ತಿರುಗಿದ್ದರು. ಬೇರೊಬ್ಬರಾಗಿದ್ದರೆ ಬೇರೇನಾದರೂ ಹೇಳುತ್ತಿದ್ದರೋ ಏನೋ.

“ಇಲ್ಲ” ಎಂದೆ. “ಸರಿಯಾಗಿದೆ.”

ಅವಳು ತಲೆಯಾಡಿಸಿದಳು. ಊಟದ ಗಾಡಿ ಒಳಬಂತು. ವರ್ನೆಲ್ ತಟ್ಟೆಯ ಮುಚ್ಚಳ ಎತ್ತಿ ನೋಡಿ, ಬಟಾಣಿಯನ್ನು ಹೀಗೆ ನೀರಲ್ಲಿ ಮುಳುಗಿಸಿ ಕೊಡುವವರು ನಮ್ಮ ಶಾಲೆಯ ಮಕ್ಕಳ ಮುಂದೆ ಒಂದು ದಿನ ನಿಂತು ನೋಡಬೇಕು ಎಂದಳು. ಲಕೀತಾ ಹೋಗಿ ಹಾಸಿಗೆಯ ಅಂಚಿನಲ್ಲಿ, ಖಾ‌ಲಿಯಾಗಿದ್ದ ಕಡೆ, ಕುಳಿತು ಅವಳಿಗೆ ಚಮಚ ಕೊಟ್ಟಳು. ನಾನು ಕೋಟು ಕೈಯಲ್ಲಿ ಹಿಡಿದುಕೊಂಡು, ಹೊರಡಬೇಕೋ ಇರಬೇಕೋ ತಿಳಿಯದೆ, ಕಿಟಕಿಯ ಬಳಿಯೇ ನಿಂತಿದ್ದೆ.